ಲಾಸರೊ ಕಾರ್ದೆನಸ್: ಮಿಚೊಅಕಾನ್ ರಾಜ್ಯದ ಗವರ್ನರ್, ಮೆಕ್ಸಿಕೋದ ಅಧ್ಯಕ್ಷ – ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೋ ರಾಜಕಾರಣದ ಮಾತು ಬಂದರೆ ಕಾರ್ದೆನಸ್ ಹೆಸರು ಬಂದೇ ಬರುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಜನ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಹೆಚ್ಚಿನವರಿಗೆ ಅವರು ಗೊತ್ತಿರುವುದು 1938ರ ತೈಲ ರಾಷ್ಟ್ರೀಕರಣದಿಂದ. ಆದರೆ ಅವರು ಯಾಕೆ ಹಾಗೆ ನಡೆದುಕೊಂಡರು ಅಂತ ತಿಳಿಯಬೇಕಾದರೆ ಅದಕ್ಕೂ ಹತ್ತು ವರ್ಷ ಹಿಂದಕ್ಕೆ, ಅವರು ಒಂದು ರಾಜ್ಯದ ಗವರ್ನರ್ ಆಗಿದ್ದ ಕಾಲಕ್ಕೆ ಹೋಗಬೇಕು. ಅದಕ್ಕೇ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಮೊದಲ ಪರಿಚಯ

ಯಾರಿವರು? ಎರಡು ಮಾತಲ್ಲಿ ಹೇಳ್ತೀರಾ?

ಲಾಸರೊ ಕಾರ್ದೆನಸ್ ದೆಲ್ ರಿಯೊ. ಹುಟ್ಟಿದ್ದು 1895ರ ಮೇ 21, ತೀರಿಕೊಂಡಿದ್ದು 1970ರ ಅಕ್ಟೋಬರ್ 19. 1910ರಲ್ಲಿ ಶುರುವಾದ ಮೆಕ್ಸಿಕೋ ಕ್ರಾಂತಿಯ ಸೈನ್ಯದಲ್ಲಿ ಜನರಲ್ ಆದವರು, 1928ರಿಂದ 1932ರವರೆಗೆ ಮಿಚೊಅಕಾನ್ ರಾಜ್ಯದ ಗವರ್ನರ್, 1934ರಿಂದ 1940ರವರೆಗೆ ದೇಶದ ಅಧ್ಯಕ್ಷ. ಜಮೀನ್ದಾರರ ಭೂಮಿಯನ್ನು ರೈತರಿಗೆ ಹಂಚಿದವರು, ವಿದೇಶಿ ಕಂಪನಿಗಳ ಕೈಯಿಂದ ತೈಲವನ್ನು ಬಿಡಿಸಿಕೊಂಡವರು.

ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರಾನಾ?

ಅಲ್ಲ. ಈ ಗೊಂದಲ ತುಂಬಾ ಜನಕ್ಕಿದೆ. ಮೆಕ್ಸಿಕೋದಲ್ಲಿ ಗವರ್ನರ್‌ನನ್ನು ರಾಜ್ಯದ ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಆಡಳಿತ ನಡೆಸುವವರು ಅವರೇ. ಕೆಲಸದ ಲೆಕ್ಕದಲ್ಲಿ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಕಾರ್ದೆನಸ್ ಕಾಲದಲ್ಲಿ ಅವಧಿ ನಾಲ್ಕು ವರ್ಷ ಇತ್ತು, ಆಮೇಲೆ ಆರಾಯಿತು. ಒಮ್ಮೆ ಆರಿಸಿ ಬಂದವರು ಮತ್ತೆ ಅದೇ ಹುದ್ದೆಗೆ ನಿಲ್ಲುವಂತಿಲ್ಲ. ಅಧ್ಯಕ್ಷರಿಗೂ ಅದೇ ನಿಯಮ. ಅಂದರೆ ಮಾಡಬೇಕಾದ್ದನ್ನು ಒಂದೇ ಸಲಕ್ಕೆ ಮಾಡಿ ಮುಗಿಸಬೇಕು. ಕಾರ್ದೆನಸ್ ಯಾಕೆ ಅಷ್ಟು ಆತುರದಲ್ಲಿ ಇದ್ದರು ಅಂತ ಕೇಳುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮಿಚೊಅಕಾನ್ ಎಲ್ಲಿ ಬರುತ್ತೆ?

ಮೆಕ್ಸಿಕೋ ನಗರದ ಪಶ್ಚಿಮಕ್ಕೆ. ಒಂದು ಕಡೆ ಪೆಸಿಫಿಕ್ ಕಡಲು, ನಡುವೆ ಬೆಟ್ಟ ಮತ್ತು ಪೈನ್ ಕಾಡು, ಕೆಳಗೆ ಬಿಸಿಲು ಸುಡುವ ತಗ್ಗು ನಾಡು. ರಾಜಧಾನಿ ಮೊರೆಲಿಯಾ. ಪಾಟ್ಸ್‌ಕ್ವಾರೊ ಕೆರೆಯ ಸುತ್ತಮುತ್ತ ಪುರೆಪೆಚಾ ಜನರ ಹಳ್ಳಿಗಳಿವೆ. ಅವರಿಗೆ ಸ್ಪೇನರು ಬರುವುದಕ್ಕೂ ಮುಂಚೆಯೇ ತಮ್ಮದೇ ರಾಜ್ಯ, ತಮ್ಮದೇ ಭಾಷೆ ಇತ್ತು. ಕಾರ್ದೆನಸ್ ಹುಟ್ಟೂರು ಹಿಕಿಲ್ಪಾನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಹಲಿಸ್ಕೊ ಗಡಿಯ ಹತ್ತಿರ ಇದೆ.

ದೊಡ್ಡ ಮನೆತನದವರಾ? ಎಷ್ಟು ಓದಿದ್ರು?

ದೊಡ್ಡ ಮನೆತನ ಅಲ್ಲ, ತೀರಾ ಬಡತನವೂ ಅಲ್ಲ. ಓದು ಪ್ರಾಥಮಿಕ ಶಾಲೆಗೇ ಮುಗಿಯಿತು. ತಂದೆಗೆ ಊರಲ್ಲಿ ಸಣ್ಣ ಅಂಗಡಿ, ಬಿಲಿಯರ್ಡ್ಸ್ ಆಡುವ ಜಾಗ ಇತ್ತು. 1911ರಲ್ಲಿ ತಂದೆ ಹೋದಾಗ ಹುಡುಗನಿಗೆ 16 ವರ್ಷ. ತಾಯಿ ಮತ್ತು ತಮ್ಮ ತಂಗಿಯರ ಹೊಣೆ ಮೈಮೇಲೆ ಬಿತ್ತು. ತೆರಿಗೆ ಕಚೇರಿಯಲ್ಲಿ ಗುಮಾಸ್ತನಾಗಿ, ಊರಿನ ಪ್ರೆಸ್ಸಿನಲ್ಲಿ ಮುದ್ರಣದ ಕೆಲಸಗಾರನಾಗಿ ದುಡಿದರು. ಆ ವಯಸ್ಸಿನಲ್ಲೇ ದಿನಚರಿ ಬರೆಯಲು ಶುರು ಮಾಡಿದರು, ಜೀವನಪೂರ್ತಿ ಬರೆದರು. ಅವರ ಎಷ್ಟೋ ನಿರ್ಧಾರಗಳ ಹಿಂದಿನ ಮನಸ್ಸು ನಮಗೆ ಗೊತ್ತಾಗುವುದು ಆ ಬರಹಗಳಿಂದಲೇ.

ಸೈನ್ಯಕ್ಕೆ ಸೇರಿದ್ದು ಹೇಗೆ?

1913ರಲ್ಲಿ ಸೈನ್ಯಾಧಿಕಾರಿ ವಿಕ್ಟೋರಿಯಾನೊ ವೆರ್ತಾ ದಂಗೆ ಎದ್ದು ಅಧಿಕಾರ ಹಿಡಿದ. ಚುನಾಯಿತ ಅಧ್ಯಕ್ಷ ಮಡೆರೊ ಕೊಲೆಯಾದರು. ಕಾರ್ದೆನಸ್ ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಕ್ರಾಂತಿಕಾರಿಗಳ ಕರಪತ್ರ ಅಚ್ಚಾಯಿತು. ಸರ್ಕಾರಿ ಪಡೆ ಬಂದು ಪ್ರೆಸ್ಸನ್ನು ಹಾಳುಗೆಡವಿತು. ಹುಡುಗ ಊರು ಬಿಟ್ಟು ತಗ್ಗು ನಾಡಿನ ಕಡೆ ಹೋಗಿ ಕ್ರಾಂತಿಯ ಪಡೆ ಸೇರಿಕೊಂಡ. ಅಕ್ಷರ ದುಂಡಗಿತ್ತು ಅಂತ ಮೊದಲು ಕೊಟ್ಟ ಕೆಲಸ ಪತ್ರ ವ್ಯವಹಾರ ನೋಡಿಕೊಳ್ಳುವುದು!

ನಿಜಕ್ಕೂ ಯುದ್ಧ ಮಾಡಿದವರಾ, ಅಥವಾ ಹೆಸರಿಗೆ ಜನರಲ್ಲಾ?

ಮಾಡಿದವರೇ. 1915ರಲ್ಲಿ ಉತ್ತರದ ಸೊನೊರಾದಲ್ಲಿ ಪ್ಲುತಾರ್ಕೊ ಎಲಿಯಾಸ್ ಕಾಯೆಸ್ (ಮುಂದೆ ದೇಶದ ಅಧ್ಯಕ್ಷರಾದವರು) ಅವರ ಪಡೆ ಸೇರಿದರು. ಕ್ರಾಂತಿಯ ಇನ್ನೊಂದು ಬಣದ ನಾಯಕ ಪಾಂಚೊ ವಿಲ್ಲಾ ವಿರುದ್ಧ ಹೋರಾಡಿದರು. 25 ವರ್ಷಕ್ಕೆಲ್ಲ ಜನರಲ್. 1923ರ ಕೊನೆಯಲ್ಲಿ ಆದೊಲ್ಫೊ ದೆ ಲಾ ವೆರ್ತಾ (ಮೇಲೆ ಹೇಳಿದ ವೆರ್ತಾ ಅಲ್ಲ) ಎದ್ದ ದಂಗೆಯ ಸಮಯದಲ್ಲಿ ಹಲಿಸ್ಕೊದಲ್ಲಿ ಸೋತು, ಗಂಭೀರವಾಗಿ ಗಾಯಗೊಂಡು ಎದುರಾಳಿಗಳ ಕೈಗೆ ಸಿಕ್ಕಿಬಿದ್ದರು. ಆ ಕಾಲದಲ್ಲಿ ಸಿಕ್ಕಿಬಿದ್ದ ಜನರಲ್‌ನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವುದೇ ಪದ್ಧತಿ. ಆದರೆ ಎದುರಾಳಿಗಳು ಅವರನ್ನು ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದರು. ಮುಂದೆ ಅಧ್ಯಕ್ಷರಾದಾಗ ಕಾರ್ದೆನಸ್ ವಿರೋಧಿಗಳನ್ನು ಕೊಲ್ಲಿಸುವ ಚಾಳಿಗೆ ಹೋಗಲಿಲ್ಲ, ದೇಶ ಬಿಟ್ಟು ಹೋಗಿದ್ದವರನ್ನು ವಾಪಸ್ ಬರಗೊಟ್ಟರು. ಈ ಘಟನೆ ಅವರ ಮನಸ್ಸಿನಲ್ಲಿ ಉಳಿದಿತ್ತು ಅಂತ ನನಗೆ ಅನ್ನಿಸುತ್ತದೆ.

ತಂಪಿಕೊದಲ್ಲಿ ಏನಾಯ್ತು? ಎಲ್ಲರೂ ಅದನ್ನೇ ಹೇಳ್ತಾರಲ್ಲ?

1925ರಿಂದ 1928ರವರೆಗೆ ಕಾರ್ದೆನಸ್ ತಂಪಿಕೊ ಬಂದರಿನ ಸುತ್ತಮುತ್ತ, ಗಲ್ಫ್ ಕರಾವಳಿಯ ತೈಲ ಪ್ರದೇಶದಲ್ಲಿ ಸೇನಾ ಮುಖ್ಯಸ್ಥರಾಗಿದ್ದರು. ವಿದೇಶಿ ಕಂಪನಿಗಳಿಗೆ ಅಲ್ಲಿ ತಮ್ಮದೇ ಕಾವಲು ಪಡೆ, ತಮ್ಮದೇ ಬಂದರು ಕಟ್ಟೆ. ಪರದೇಶದ ಅಧಿಕಾರಿಗಳಿಗೆ ಒಳ್ಳೆಯ ಬಂಗಲೆ. ಮೆಕ್ಸಿಕನ್ ಕೂಲಿಗೆ ಜೋಪಡಿ. ನೆಲದಡಿಯ ಎಣ್ಣೆ ಖಾಲಿಯಾದ ಮೇಲೆ ಊರಿಗೆ ಉಳಿಯುತ್ತಿದ್ದುದು ಹಾಳು ಬಾವಿಗಳು ಮಾತ್ರ. ಹೊಸದಾಗಿ ಬಂದ ಸೇನಾಧಿಕಾರಿಗೆ ಉಡುಗೊರೆ ಕೊಟ್ಟು ಒಳಗೆ ಹಾಕಿಕೊಳ್ಳುವುದು ಕಂಪನಿಗಳ ರೂಢಿ. ಕಾರ್ದೆನಸ್‌ಗೂ ಒಂದು ಹೊಸ ಪ್ಯಾಕಾರ್ಡ್ ಕಾರು ಬಂತು, ಅವರು ವಾಪಸ್ ಕಳಿಸಿದರು ಅಂತ ಅವರ ಹತ್ತಿರದವರು ಹೇಳಿದ್ದಾರೆ. ಅವರ ಹಿರಿಯ ಗೆಳೆಯ ಫ್ರಾನ್ಸಿಸ್ಕೊ ಮೂಹಿಕಾ ಕೂಡ ಆಗ ಅದೇ ಸೀಮೆಯಲ್ಲಿದ್ದರು. 1917ರ ಸಂವಿಧಾನ ಬರೆದವರಲ್ಲಿ ಮೂಹಿಕಾ ಒಬ್ಬರು. ನೆಲದ ಕೆಳಗಿರುವುದೆಲ್ಲ ದೇಶದ್ದು ಅಂತ ಆ ಸಂವಿಧಾನದ 27ನೇ ವಿಧಿ ಸಾರುತ್ತದೆ. ಕಾಗದದ ಮೇಲೆ ಬರೆದದ್ದಕ್ಕೂ ಕಣ್ಣೆದುರಿಗೆ ಇದ್ದದ್ದಕ್ಕೂ ಎಷ್ಟು ದೂರ ಅಂತ ಇಬ್ಬರೂ ಅಲ್ಲಿ ದಿನಾ ನೋಡಿದರು.

## ಗವರ್ನರ್ ಆಗಿದ್ದ ಕಾಲ

ಅವರು ಬಂದಾಗ ರಾಜ್ಯ ಯಾವ ಸ್ಥಿತಿಯಲ್ಲಿತ್ತು?

ಹೊತ್ತಿ ಉರಿಯುತ್ತಿತ್ತು. 1928ರ ಸೆಪ್ಟೆಂಬರ್‌ನಲ್ಲಿ 33 ವರ್ಷದ ಕಾರ್ದೆನಸ್ ಅಧಿಕಾರಕ್ಕೆ ಬಂದಾಗ ಕ್ರಿಸ್ತೆರೊ ಯುದ್ಧ ನಡೆಯುತ್ತಿತ್ತು. ಚರ್ಚಿನ ಮೇಲೆ ಕಾಯೆಸ್ ಸರ್ಕಾರ ಬಿಗಿ ಕಾನೂನು ತಂದದ್ದಕ್ಕೆ ಪಶ್ಚಿಮದ ರಾಜ್ಯಗಳ ಭಕ್ತ ರೈತರು ಬಂದೂಕು ಹಿಡಿದಿದ್ದರು. ಮಿಚೊಅಕಾನ್ ಅದರ ಮುಖ್ಯ ಕಣಗಳಲ್ಲಿ ಒಂದು. ಇನ್ನೊಂದು ಕಡೆ ಭೂಮಿಯ ಜಗಳ. ಮೂಹಿಕಾ 1920ರಲ್ಲಿ ಇಲ್ಲೇ ಗವರ್ನರ್ ಆಗಿ ಭೂಮಿ ಹಂಚಲು ಹೊರಟಾಗ, ಜಮೀನ್ದಾರರೂ ಕೇಂದ್ರ ಸರ್ಕಾರವೂ ಸೇರಿ ಎರಡೇ ವರ್ಷದಲ್ಲಿ ಅವರನ್ನು ಇಳಿಸಿದ್ದರು. ಪುರೆಪೆಚಾ ರೈತರನ್ನು ಒಗ್ಗೂಡಿಸಿದ್ದ ಪ್ರಿಮೊ ತಾಪಿಯಾ ಅವರನ್ನು 1926ರಲ್ಲಿ ಸೈನಿಕರು ಹಿಂಸಿಸಿ ಕೊಂದಿದ್ದರು. ಒಳ್ಳೆಯ ಮನಸ್ಸೊಂದೇ ಇದ್ದರೆ ಇಲ್ಲಿ ಏನೂ ನಡೆಯುವುದಿಲ್ಲ, ಬೆನ್ನ ಹಿಂದೆ ಜನಬಲ ಬೇಕು ಅನ್ನುವುದು ಕಾರ್ದೆನಸ್‌ಗೆ ಈ ಎರಡು ಕಥೆಗಳಿಂದ ಗೊತ್ತಾಗಿತ್ತು.

ಹಾಗಾದ್ರೆ ಮೊದಲು ಮಾಡಿದ್ದೇನು?

ಸಂಘ ಕಟ್ಟಿದ್ದು. 1929ರ ಜನವರಿಯಲ್ಲಿ ಪಾಟ್ಸ್‌ಕ್ವಾರೊದಲ್ಲಿ ರೈತರು, ಕೂಲಿಗಳು, ಮೇಷ್ಟ್ರುಗಳು ಸೇರಿ ಮಿಚೊಅಕಾನ್ ಕ್ರಾಂತಿಕಾರಿ ಕಾರ್ಮಿಕ ಒಕ್ಕೂಟ ಶುರು ಮಾಡಿದರು. ಒಗ್ಗಟ್ಟು, ಭೂಮಿ, ದುಡಿಮೆ ಅನ್ನುವುದು ಅದರ ಘೋಷಣೆ. ಹಿಂದೆ ನಿಂತವರು ಗವರ್ನರೇ. ಹಳ್ಳಿಯಲ್ಲಿ ಭೂಮಿಗೆ ಅರ್ಜಿ ಬರೆದುಕೊಡುವವರು, ಜಮೀನ್ದಾರನ ಕಡೆಯವರು ಹೆದರಿಸಿದರೆ ಎದುರು ನಿಲ್ಲುವವರು, ಸಂಜೆ ಅಕ್ಷರ ಕಲಿಸುವವರು ಎಲ್ಲ ಈ ಒಕ್ಕೂಟದವರೇ.

ಮುಂದೆ ಅಧ್ಯಕ್ಷರಾಗಿ ಅವರು ಮಾಡಿದ್ದರ ಅಚ್ಚು ಇಲ್ಲೇ ಇದೆ. ಮೊದಲು ಜನರನ್ನು ಸಂಘಟಿಸು, ಆಮೇಲೆ ಕಾನೂನಿನ ಪ್ರಕಾರ ಕೇಳುವಂತೆ ಮಾಡು, ಕೊನೆಗೆ ಸರ್ಕಾರದ ಕಡೆಯಿಂದ ಒಪ್ಪಿಸು. 1938ರಲ್ಲಿ ತೈಲದ ವಿಷಯದಲ್ಲೂ ಇದೇ ಕ್ರಮದಲ್ಲಿ ನಡೆದರು.

ನಾಲ್ಕು ವರ್ಷದಲ್ಲಿ ಎಷ್ಟು ಭೂಮಿ ಹಂಚಿದ್ರು?

ಸುಮಾರು 1 ಲಕ್ಷ 41 ಸಾವಿರ ಹೆಕ್ಟೇರ್, 181 ಹಳ್ಳಿಗಳಿಗೆ. ಅವರಿಗಿಂತ ಹಿಂದಿನವರೆಲ್ಲ ಸೇರಿ ಹತ್ತು ವರ್ಷದಲ್ಲಿ ಕೊಟ್ಟದ್ದು ಇದಕ್ಕಿಂತ ಕಡಿಮೆ. ಅದೇ ಹೊತ್ತಿಗೆ, 1930ರ ಸುಮಾರಿಗೆ, ಕಾಯೆಸ್ ಭೂಮಿ ಹಂಚಿಕೆ ಸೋತಿದೆ, ನಿಲ್ಲಿಸಿ ಅನ್ನುತ್ತಿದ್ದರು. ಗುರುವಿನಂತಿದ್ದವರು ನಿಲ್ಲಿಸಿ ಅಂದಾಗ ಶಿಷ್ಯ ತನ್ನ ರಾಜ್ಯದಲ್ಲಿ ಹಂಚುತ್ತಲೇ ಹೋದರು. ಬಾಯಲ್ಲಿ ಎದುರು ಮಾತಾಡಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ.

ಕಾಡಿನ ವಿಷಯವನ್ನು ಜನ ಮರೆತುಬಿಡುತ್ತಾರೆ. ಬೆಟ್ಟದ ಹಳ್ಳಿಗಳ ಪೈನ್ ಕಾಡುಗಳನ್ನು ಮರದ ಕಂಪನಿಗಳು ಪುಡಿಗಾಸಿಗೆ ದೀರ್ಘ ಗುತ್ತಿಗೆ ಹಿಡಿದಿದ್ದವು. 1931ರ ಕಾನೂನಿನಿಂದ ಕಾರ್ದೆನಸ್ ಆ ಗುತ್ತಿಗೆಗಳನ್ನು ರದ್ದು ಮಾಡಿದರು.

ಶಾಲೆಗಳ ವಿಷಯದಲ್ಲಿ?

ಬಜೆಟ್ಟಿನ ದೊಡ್ಡ ಪಾಲು ಶಿಕ್ಷಣಕ್ಕೇ ಹೋಗುತ್ತಿತ್ತು. ನೂರಾರು ಹಳ್ಳಿ ಶಾಲೆ ತೆರೆದರು. ದೊಡ್ಡ ಜಮೀನು ಇದ್ದವರು ತಮ್ಮ ಕೂಲಿಗಳ ಮಕ್ಕಳಿಗೆ ಶಾಲೆ ನಡೆಸಲೇಬೇಕು ಅಂತ ಕಾನೂನು ಹೇಳುತ್ತಿತ್ತು, ಅದನ್ನು ಪಾಲಿಸುವಂತೆ ಮಾಡಿದರು. ಆದರೆ ಮೇಷ್ಟ್ರ ಕೆಲಸ ಆಗ ಜೀವಕ್ಕೆ ಸಂಚಕಾರ ತರುವ ಕೆಲಸ. ದೇವರ ವಿರೋಧಿ ಶಾಲೆ ಅಂತ ಸಿಟ್ಟಾಗಿ ಮೇಷ್ಟ್ರುಗಳ ಕಿವಿ ಕತ್ತರಿಸಿದ, ಕೊಂದ ಘಟನೆಗಳು ಆ ದಶಕದುದ್ದಕ್ಕೂ ಪಶ್ಚಿಮ ಮೆಕ್ಸಿಕೋದಲ್ಲಿ ನಡೆದವು.

ಕ್ರಿಸ್ತೆರೊಗಳ ಜೊತೆ ಹೇಗೆ ನಡೆದುಕೊಂಡ್ರು?

ಹೋರಾಡಿದರು, ಜೊತೆಗೆ ಮಾತೂ ಆಡಿದರು. ಶರಣಾದವರಿಗೆ ಕ್ಷಮೆ ಕೊಟ್ಟು ಮನೆಗೆ ಕಳಿಸುವುದು ಅವರ ದಾರಿ. 1929ರಲ್ಲಿ ಸರ್ಕಾರ ಮತ್ತು ಚರ್ಚಿನ ನಡುವೆ ಒಪ್ಪಂದವಾಗಿ ಯುದ್ಧ ನಿಂತಿತು.

ಅವರ ಒಕ್ಕೂಟ ಹಳ್ಳಿಗಳಲ್ಲಿ ದಬ್ಬಾಳಿಕೆ ಮಾಡಿತ್ತು ಅಂತಾರಲ್ಲ, ನಿಜಾನಾ?

ನಿಜ. ನಾನು ಕಾರ್ದೆನಸ್ ಅವರನ್ನು ಮೆಚ್ಚುವವನೇ, ಆದರೂ ಇದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಬಂದೂಕು ಇದ್ದ ಒಕ್ಕೂಟದ ಮುಖಂಡರು ಕೆಲವು ಹಳ್ಳಿಗಳಲ್ಲಿ ತಾವೇ ಹೊಸ ಯಜಮಾನರಾದರು. ಚರ್ಚಿಗೆ ಹೋಗುವವರನ್ನು ಹಿಂಸಿಸಿದರು, ವಿಗ್ರಹ ಸುಟ್ಟರು, ಒಪ್ಪದವರನ್ನು ಊರು ಬಿಡಿಸಿದರು. ಹನ್ನೊಂದು ಹಳ್ಳಿಗಳ ಕಣಿವೆ ಅನ್ನುವ ಪುರೆಪೆಚಾ ಸೀಮೆಯಲ್ಲಿ ಎರಡು ಬಣಗಳ ಕೊಲೆ–ಪ್ರತಿಕೊಲೆ ವರ್ಷಗಟ್ಟಲೆ ನಡೆಯಿತು. ಭೂಮಿ ಬೇಕು, ಆದರೆ ದೇವರನ್ನು ಬಿಡಲಾರೆ ಅನ್ನುವ ರೈತನಿಗೆ ಆ ಒಕ್ಕೂಟದಲ್ಲಿ ಜಾಗ ಇರಲಿಲ್ಲ. ಅಂಥ ರೈತರೇ ಜಾಸ್ತಿ ಇದ್ದರು! ಅಧ್ಯಕ್ಷರಾದ ಮೇಲೆ ಚರ್ಚಿನ ವಿಷಯದಲ್ಲಿ ಕಾರ್ದೆನಸ್ ಸಾಕಷ್ಟು ಮೆತ್ತಗಾದರು. 1936ರ ಹೊತ್ತಿಗೆ ಮುಚ್ಚಿದ್ದ ಚರ್ಚುಗಳು ಮತ್ತೆ ತೆರೆಯತೊಡಗಿದವು. ಮಿಚೊಅಕಾನ್ ಕಲಿಸಿದ ಪಾಠಗಳಲ್ಲಿ ಇದೂ ಒಂದು ಅನ್ನುವುದು ನನ್ನ ಅಭಿಪ್ರಾಯ.

ಗವರ್ನರ್ ಆಗಿದ್ದಾಗಲೇ ಪಕ್ಷದ ಅಧ್ಯಕ್ಷರೂ ಆಗಿದ್ರಂತೆ?

ಹೌದು. ರಜೆ ಹಾಕಿ ಹೋಗುತ್ತಿದ್ದರು. 1929ರಲ್ಲಿ ಜನರಲ್ ಎಸ್ಕೊಬಾರ್ ದಂಗೆ ಎದ್ದಾಗ ಸೈನ್ಯಕ್ಕೆ ಮರಳಿದರು. 1930–31ರಲ್ಲಿ ಆಳುವ ಪಕ್ಷದ ಅಧ್ಯಕ್ಷರು, ಆಮೇಲೆ ಸ್ವಲ್ಪ ಕಾಲ ಒಳಾಡಳಿತ ಮಂತ್ರಿ. ಆದರೂ 1932ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿದ್ದು ಗವರ್ನರ್ ಆಗಿಯೇ. ಅದೇ ತಿಂಗಳು ತಕಾಂಬರೊ ಊರಿನ ಅಮಾಲಿಯಾ ಸೊಲೊರ್ಸಾನೊ ಅವರನ್ನು ಮದುವೆಯಾದರು.

ಅವರು ಇಳಿದ ಮೇಲೆ ಮಾಡಿದ್ದೆಲ್ಲ ಉಳೀತಾ?

ಅರ್ಧಂಬರ್ಧ. ಆಮೇಲೆ ಬಂದ ಗವರ್ನರ್ ಬೆನಿಗ್ನೊ ಸೆರ್ರಾತೊ ಒಕ್ಕೂಟವನ್ನು ಒಡೆದರು, ಅದರ ಮುಖಂಡರನ್ನು ಓಡಿಸಿದರು. 1934ರ ಡಿಸೆಂಬರ್‌ನಲ್ಲಿ ಸೆರ್ರಾತೊ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕಾರ್ದೆನಸ್ ದೇಶದ ಅಧ್ಯಕ್ಷರಾಗಿದ್ದರು. ಒಂದು ರಾಜ್ಯದಲ್ಲಿ ಕಟ್ಟಿದ್ದನ್ನು ಮುಂದೆ ಬರುವವನು ಎರಡು ವರ್ಷದಲ್ಲಿ ಕೆಡವಬಹುದು ಅನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಇಡೀ ದೇಶದ ಮಟ್ಟದಲ್ಲಿ, ಬೇಗ, ಬೇರು ಬಿಡುವ ಹಾಗೆ ಮಾಡಬೇಕು ಅನ್ನುವ ಹಟ ಬಂದಿದ್ದು ಇಲ್ಲಿಂದ.

## ಅಧ್ಯಕ್ಷರಾಗಿ

ಕಾಯೆಸ್ ಅವರ ಕೈಗೊಂಬೆ ಅಂತ ಆರಿಸಿದ್ದಲ್ವಾ? ಅವರನ್ನೇ ಹೇಗೆ ಹೊರಗೆ ಹಾಕಿದ್ರು?

1928ರಿಂದ ಆರು ವರ್ಷದಲ್ಲಿ ಮೂವರು ಅಧ್ಯಕ್ಷರು ಬಂದು ಹೋಗಿದ್ದರು. ಕುರ್ಚಿ ಅವರದ್ದು, ಮಾತು ಕಾಯೆಸ್ ಅವರದ್ದು. ಕಾರ್ದೆನಸ್ ಕೂಡ ಹಾಗೇ ಇರುತ್ತಾರೆ ಅಂತ ಎಲ್ಲರ ಎಣಿಕೆ. ಗೆಲ್ಲುವುದು ಖಚಿತ ಇದ್ದ ಚುನಾವಣೆಗೆ ಅವರು ರೈಲು, ಕಾರು, ಕುದುರೆ ಏರಿ ಸುಮಾರು 27 ಸಾವಿರ ಕಿಲೋಮೀಟರ್ ಸುತ್ತಿದಾಗ ಹಳಬರಿಗೆ ಇದೆಲ್ಲ ಯಾಕೆ ಅಂತ ಅರ್ಥವಾಗಲಿಲ್ಲ. ಅವರು ಮತ ಕೇಳಲು ಮಾತ್ರ ಹೋಗಿರಲಿಲ್ಲ, ತನ್ನದೇ ಜನಬಲ ಕಟ್ಟಿಕೊಳ್ಳುತ್ತಿದ್ದರು.

1935ರ ಜೂನ್‌ನಲ್ಲಿ ಕಾಯೆಸ್ ಮುಷ್ಕರಗಳನ್ನು ಖಂಡಿಸಿ, ಅಧ್ಯಕ್ಷರನ್ನು ಎಚ್ಚರಿಸುವ ಧಾಟಿಯಲ್ಲಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಕಾರ್ದೆನಸ್ ಇಡೀ ಮಂತ್ರಿಮಂಡಲದ ರಾಜೀನಾಮೆ ತೆಗೆದುಕೊಂಡು ಕಾಯೆಸ್ ಬಣದವರನ್ನು ಕೈಬಿಟ್ಟರು. ಸೈನ್ಯದಲ್ಲೂ ರಾಜ್ಯಗಳಲ್ಲೂ ಸದ್ದಿಲ್ಲದೆ ಜನರನ್ನು ಬದಲಾಯಿಸಿದರು. 1936ರ ಏಪ್ರಿಲ್ 10ರಂದು ಕಾಯೆಸ್ ಮತ್ತು ಅವರ ಮೂವರು ಸಂಗಡಿಗರನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಲಾಯಿತು. ಒಂದು ಹನಿ ರಕ್ತ ಬೀಳಲಿಲ್ಲ. ಅಲ್ಲಿಯವರೆಗೆ ಅಧಿಕಾರದ ಜಗಳಗಳು ಸ್ಮಶಾನದಲ್ಲೇ ಮುಗಿಯುತ್ತಿದ್ದ ದೇಶದಲ್ಲಿ ಇದು ದೊಡ್ಡ ಮಾತು.

ಜನರ ಜೊತೆ ಅಷ್ಟು ಬೆರೀತಿದ್ರು ಅನ್ನೋದು ನಿಜಾನಾ, ಇಲ್ಲ ಸುಮ್ನೆ ಪ್ರಚಾರಾನಾ?

ನಿಜ. ಅರಮನೆಯಂಥ ಚಾಪುಲ್ತೆಪೆಕ್ ಕೋಟೆ ಬಿಟ್ಟು ಲಾಸ್ ಪಿನೋಸ್ ಅನ್ನುವ ಸಾಧಾರಣ ಮನೆಯಲ್ಲಿ ಉಳಿದರು. ತಮ್ಮ ಸಂಬಳ ಅರ್ಧಕ್ಕೆ ಇಳಿಸಿಕೊಂಡರು. ಜೂಜಿನ ಅಡ್ಡೆಗಳನ್ನು ಮುಚ್ಚಿಸಿದರು. ದಿನಕ್ಕೊಂದು ಗಂಟೆ ಯಾರು ಬೇಕಾದರೂ ಅಧ್ಯಕ್ಷರಿಗೆ ಪುಕ್ಕಟೆ ಟೆಲಿಗ್ರಾಂ ಕಳಿಸಬಹುದಿತ್ತು. ಹಳ್ಳಿಗೆ ಹೋದರೆ ಮರದ ಕೆಳಗೆ ಕೂತು ಗಂಟೆಗಟ್ಟಲೆ ಕೇಳುತ್ತಿದ್ದರು, ತಾವು ಮಾತಾಡುತ್ತಿದ್ದುದು ಕಡಿಮೆ. ಪುರೆಪೆಚಾ ಜನ ಇಂದಿಗೂ ಅವರನ್ನು ಕರೆಯುವುದು ತಾತಾ ಲಾಸರೊ ಅಂತ. ತಂದೆ ಲಾಸರೊ ಅಂತ ಅರ್ಥ.

ಆಗ ರಾಜಧಾನಿಯಲ್ಲಿ ಒಂದು ಕಥೆ ಓಡಾಡುತ್ತಿತ್ತು. ಬೆಳಗ್ಗೆ ಕಾರ್ಯದರ್ಶಿ ಬಂದು, ಬ್ಯಾಂಕಿನಲ್ಲಿ ದುಡ್ಡಿಲ್ಲ ಅನ್ನುತ್ತಾನೆ. ಹಣಕಾಸು ಮಂತ್ರಿಗೆ ಹೇಳು ಅನ್ನುತ್ತಾರೆ ಅಧ್ಯಕ್ಷರು. ಬೆಳೆ ಕೈಕೊಟ್ಟಿದೆ. ಕೃಷಿ ಮಂತ್ರಿಗೆ ಹೇಳು. ಕೊನೆಗೆ ಒಂದು ಟೆಲಿಗ್ರಾಂ: ನನ್ನ ಜೋಳ ಒಣಗಿತು, ಕತ್ತೆ ಸತ್ತಿತು, ಹಂದಿ ಕಳುವಾಯಿತು, ಮಗುವಿಗೆ ಹುಷಾರಿಲ್ಲ, ಇಂತೀ ಯಾವುದೋ ಹಳ್ಳಿಯ ಹುವಾನ್. ರೈಲು ಸಿದ್ಧ ಮಾಡಿ, ಈಗಲೇ ಹೊರಟೆ ಅನ್ನುತ್ತಾರೆ ಅಧ್ಯಕ್ಷರು! ಇದನ್ನು ಗೇಲಿ ಮಾಡಲು ಹೇಳುವವರಿದ್ದರು, ಪ್ರೀತಿಯಿಂದ ಹೇಳುವವರೂ ಇದ್ದರು.

ಎಹಿದೊ ಅಂದ್ರೇನು? ಭೂಮಿ ರೈತನ ಹೆಸರಿಗೇ ಆಗ್ತಿತ್ತಾ?

ಇಲ್ಲ. ಎಹಿದೊ ಅಂದರೆ ಹಳ್ಳಿಗೆ ಒಟ್ಟಾಗಿ ಕೊಟ್ಟ ಭೂಮಿ. ಉಳುವ ಹಕ್ಕು ಕುಟುಂಬದ್ದು, ಮಗನಿಗೋ ಮಗಳಿಗೋ ಬರುತ್ತದೆ. ಮಾರುವಂತಿಲ್ಲ, ಅಡ ಇಡುವಂತಿಲ್ಲ. ಕಷ್ಟ ಬಂದಾಗ ರೈತ ಭೂಮಿ ಕಳೆದುಕೊಂಡು ಮತ್ತೆ ಕೂಲಿಯಾಗಬಾರದು ಅನ್ನುವುದು ಉದ್ದೇಶ. 1992ರಲ್ಲಿ ಸಂವಿಧಾನ ತಿದ್ದಿ ಈ ಬಿಗಿಯನ್ನು ಸಡಿಲಿಸಿದರು.

ಆರು ವರ್ಷದಲ್ಲಿ ಕಾರ್ದೆನಸ್ ಹಂಚಿದ್ದು ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್. ಅವರಿಗೂ ಹಿಂದಿನ ಎಲ್ಲ ಕ್ರಾಂತಿ ಸರ್ಕಾರಗಳು ಸೇರಿ ಹಂಚಿದ್ದಕ್ಕಿಂತ ಜಾಸ್ತಿ. 1940ರ ಹೊತ್ತಿಗೆ ದೇಶದ ಉಳುವ ಭೂಮಿಯಲ್ಲಿ ಹೆಚ್ಚುಕಡಿಮೆ ಅರ್ಧ ಎಹಿದೊಗಳ ಕೈಯಲ್ಲಿತ್ತು. ಮೊದಲಿನವರು ಕೊಟ್ಟದ್ದು ಹೆಚ್ಚಾಗಿ ಬರಡು ನೆಲ. ಇವರು ನೀರಾವರಿ ಇದ್ದ, ಲಾಭ ಬರುವ ಜಮೀನಿಗೇ ಕೈ ಹಾಕಿದರು. 1936ರ ಅಕ್ಟೋಬರ್‌ನಲ್ಲಿ ಉತ್ತರದ ಲಾ ಲಗುನಾ ಹತ್ತಿ ಸೀಮೆ, 1937ರಲ್ಲಿ ಯುಕಾತಾನ್‌ನ ಕತ್ತಾಳೆ ತೋಟಗಳು. ತಮ್ಮ ಮಿಚೊಅಕಾನ್‌ನಲ್ಲೇ ಇಟಲಿಯಿಂದ ಬಂದು ನೆಲೆಸಿದ್ದ ಕೂಸಿ ಮನೆತನದ ಲೊಂಬಾರ್ದಿಯಾ ಮತ್ತು ನ್ವೆವಾ ಇತಾಲಿಯಾ ಎಸ್ಟೇಟುಗಳು. ನಿಂಬೆ ತೋಟ, ಭತ್ತದ ಗದ್ದೆ, ದನಕರು, ಯಂತ್ರ ಎಲ್ಲ ಸೇರಿ 60 ಸಾವಿರ ಹೆಕ್ಟೇರ್‌ಗೂ ಮೇಲ್ಪಟ್ಟ ಆಸ್ತಿ 1938ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೂಲಿಗಳಿಗೆ ಹೋಯಿತು.

ತೈಲದ ಕಥೆ ಸ್ವಲ್ಪ ಬಿಡಿಸಿ ಹೇಳಿ. ಒಂದು ರಾತ್ರಿ ಎದ್ದು ಕಿತ್ಕೊಂಡ್ಬಿಟ್ರಾ?

ಇಲ್ಲ, ಮೂರು ವರ್ಷದ ಕಥೆ ಅದು. 1935ರಲ್ಲಿ ಚದುರಿಹೋಗಿದ್ದ ತೈಲ ಕಾರ್ಮಿಕ ಸಂಘಗಳು ಒಂದಾದವು. 1937ರ ಮೇ ತಿಂಗಳಲ್ಲಿ ಮುಷ್ಕರ. ಸರ್ಕಾರ ತಜ್ಞರ ಸಮಿತಿ ಹಾಕಿ ಕಂಪನಿಗಳ ಲೆಕ್ಕ ತೆಗೆಸಿತು. ವರ್ಷಕ್ಕೆ 2 ಕೋಟಿ 60 ಲಕ್ಷ ಪೆಸೊ ಜಾಸ್ತಿ ಕೊಡುವ ಶಕ್ತಿ ಇವರಿಗಿದೆ ಅಂತ ಸಮಿತಿ ಹೇಳಿತು. ಕಾರ್ಮಿಕ ನ್ಯಾಯಮಂಡಳಿ ಅದನ್ನೇ ಆದೇಶಿಸಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1938ರ ಮಾರ್ಚ್ 1ರಂದು ಅಲ್ಲೂ ಸೋತವು. ಆದರೂ ತೀರ್ಪು ಪಾಲಿಸಲಿಲ್ಲ.

ಅದೇ ಸಮಯದಲ್ಲಿ ನಡೆದ ಒಂದು ಮಾತುಕತೆಯ ಬಗ್ಗೆ ಹೀಗೆ ಹೇಳುತ್ತಾರೆ. ಬೇಡಿಕೆ ಇದಕ್ಕಿಂತ ಹೆಚ್ಚಾಗುವುದಿಲ್ಲ ಅನ್ನುವುದಕ್ಕೆ ಯಾರು ಜವಾಬ್ದಾರಿ ಅಂತ ಕಂಪನಿಯವರು ಕೇಳಿದರಂತೆ. ನಾನು, ಗಣರಾಜ್ಯದ ಅಧ್ಯಕ್ಷ ಅಂದರಂತೆ ಕಾರ್ದೆನಸ್. ಎದುರಿಗಿದ್ದವರು ನಂಬದವರ ಹಾಗೆ ನಕ್ಕರು. ಅವರು ಎದ್ದು ನಿಂತು ಮಾತುಕತೆ ಮುಗಿಸಿದರು.

ಮಾರ್ಚ್ 9ರಂದು ಸಕ್ಕರೆ ಕಾರ್ಖಾನೆ ನೋಡಿಕೊಂಡು ವಾಪಸ್ ಬರುವಾಗ ಕ್ವೆರ್ನವಾಕಾ ಹತ್ತಿರ ಕಾರು ನಿಲ್ಲಿಸಿ, ಮೂಹಿಕಾ ಅವರನ್ನು ಕರೆದುಕೊಂಡು ರಸ್ತೆ ಬದಿಯಲ್ಲಿ ಒಂದು ಗಂಟೆಗೂ ಹೆಚ್ಚು ಮಾತಾಡುತ್ತಾ ನಡೆದರು. ಯುರೋಪಿನಲ್ಲಿ ಯುದ್ಧದ ಮೋಡ ಕವಿದಿದೆ, ದೊಡ್ಡ ದೇಶಗಳಿಗೆ ಈಗ ನಮ್ಮ ಮೇಲೆ ಬೀಳಲು ಪುರುಸೊತ್ತಿಲ್ಲ ಅನ್ನುವುದು ಲೆಕ್ಕಾಚಾರ. ಘೋಷಣೆಯ ಕರಡು ಬರೆಯಲು ಮೂಹಿಕಾಗೆ ಹೇಳಿದರು. ತಂಪಿಕೊದಲ್ಲಿ ಶುರುವಾದ ಮಾತು ಈ ರಸ್ತೆ ಬದಿಯಲ್ಲಿ ತೀರ್ಮಾನವಾಯಿತು. ಮಾರ್ಚ್ 18ರ ರಾತ್ರಿ ಸುಮಾರು ಹತ್ತು ಗಂಟೆಗೆ ರೇಡಿಯೊದಲ್ಲಿ ಅವರ ದನಿ ಕೇಳಿಸಿತು. ಆಸ್ತಿ ಎಲ್ಲ ದೇಶದ ವಶಕ್ಕೆ ಬಂತು. ಆ ಜೂನ್‌ನಲ್ಲಿ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ಶುರುವಾಯಿತು.

ಹೆಂಗಸರು ಕೋಳಿ ತಂದುಕೊಟ್ರು ಅನ್ನೋದು ಕಟ್ಟುಕಥೆನಾ?

ಕಟ್ಟುಕಥೆ ಅಲ್ಲ. 1938ರ ಏಪ್ರಿಲ್ 12ರಂದು ರಾಜಧಾನಿಯ ಬೆಯಾಸ್ ಆರ್ತೆಸ್ ಕಲಾಮಂದಿರದ ಮುಂದೆ, ತೈಲ ಕಂಪನಿಗಳಿಗೆ ಕೊಡಬೇಕಾದ ಪರಿಹಾರಕ್ಕೆ ನೆರವಾಗಲು, ಹೆಂಗಸರು ಸಾಲುಗಟ್ಟಿ ನಿಂತರು. ಅಮಾಲಿಯಾ ಅವರೂ ಅಲ್ಲಿದ್ದು ಕಾಣಿಕೆ ತೆಗೆದುಕೊಂಡರು. ಸಿರಿವಂತರು ಒಡವೆ ಕೊಟ್ಟರು. ಬಡವರು ಮದುವೆ ಉಂಗುರ, ಕೋಳಿ, ಹಂದಿ, ಚಿಲ್ಲರೆ ಕಾಸು. ಬಂದ ಮೊತ್ತ ಪರಿಹಾರದ ಮುಂದೆ ಏನೇನೂ ಅಲ್ಲ. ಆದರೆ ಗವರ್ನರ್ ಕಾಲದಲ್ಲಿ ಕಾರ್ದೆನಸ್ ಅವರನ್ನು ಶಪಿಸಿದ್ದ ಚರ್ಚಿನವರೂ ಈ ಸಲ ಜೊತೆಗೆ ನಿಂತರು.

ಕಂಪನಿಗಳಿಗೆ ಪರಿಹಾರ ಸಿಕ್ತಾ?

ಸಿಕ್ಕಿತು, ತಡವಾಗಿ. ಮೊದಲು ಮೆಕ್ಸಿಕೋದ ಎಣ್ಣೆ ಯಾರೂ ಕೊಳ್ಳದಂತೆ ಕಂಪನಿಗಳು ತಡೆದವು. ವಿಧಿಯಿಲ್ಲದೆ ಮೆಕ್ಸಿಕೋ ಜರ್ಮನಿ, ಇಟಲಿಗೆ ಮಾರಬೇಕಾಯಿತು. ನಾಜಿಗಳನ್ನು ಖಂಡಿಸುತ್ತಲೇ ಅವರಿಗೆ ಎಣ್ಣೆ ಮಾರಿದ್ದು ಕಾರ್ದೆನಸ್ ಆಳ್ವಿಕೆಯ ಕಹಿ ಸತ್ಯ. ಬ್ರಿಟನ್ ಕಟುವಾಗಿ ಪತ್ರ ಬರೆದಾಗ ಮೆಕ್ಸಿಕೋ ಅದರ ಹಳೇ ಬಾಕಿಯ ಕಂತನ್ನು ಕೈಗೆ ಕೊಟ್ಟು ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಅಮೆರಿಕದ ಕಂಪನಿಗಳ ಜೊತೆ 1942ರಲ್ಲಿ ಸುಮಾರು 2 ಕೋಟಿ 40 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಬ್ರಿಟಿಷ್ ಪಾಲು ದೊಡ್ಡದು, 1947ರಲ್ಲಿ ಒಪ್ಪಂದವಾಗಿ 1962ರವರೆಗೆ ಕಂತು ಕಟ್ಟಿದರು.

ಸ್ಪೇನಿನ ಮಕ್ಕಳು ಮೊರೆಲಿಯಾಗೆ ಬಂದಿದ್ದು ಯಾಕೆ?

ಸ್ಪೇನಿನ ಅಂತರ್ಯುದ್ಧದ ಬಾಂಬುಗಳಿಂದ ತಪ್ಪಿಸಲು 456 ಮಕ್ಕಳನ್ನು 1937ರಲ್ಲಿ ಹಡಗಿನಲ್ಲಿ ಕಳಿಸಿದರು. ಕಾರ್ದೆನಸ್ ಅವರನ್ನು ತಮ್ಮ ರಾಜ್ಯದ ರಾಜಧಾನಿಯಲ್ಲಿ ಇರಿಸಿದರು. ಮುಂದೆ ಗಣರಾಜ್ಯದ ವಿರುದ್ಧ ದಂಗೆ ಎದ್ದ ಜನರಲ್ ಫ್ರಾಂಕೊ ಗೆದ್ದಾಗ ಸುಮಾರು 20 ಸಾವಿರ ಜನ ಮೆಕ್ಸಿಕೋಗೆ ಬಂದರು. ಮೇಷ್ಟ್ರು, ವೈದ್ಯರು, ವಿಜ್ಞಾನಿಗಳು ಅವರಲ್ಲಿ ಬಹಳ. ಮಕ್ಕಳಲ್ಲಿ ಹಲವರಿಗೆ ಮನೆಗೆ ಮರಳುವ ಭಾಗ್ಯ ಸಿಗಲೇ ಇಲ್ಲ.

ಟ್ರಾಟ್ಸ್ಕಿಗೆ ಜಾಗ ಕೊಟ್ರು ಅಂದ್ರೆ ಕಮ್ಯುನಿಸ್ಟ್ ಆಗಿದ್ರಾ?

ಆಗಿರಲಿಲ್ಲ. ಯಾವ ದೇಶವೂ ಸೇರಿಸದಿದ್ದಾಗ 1937ರ ಜನವರಿಯಲ್ಲಿ, ಸ್ಟಾಲಿನ್ ಹೊರಹಾಕಿದ್ದ ರಷ್ಯಾದ ಕ್ರಾಂತಿಯ ನಾಯಕ ಟ್ರಾಟ್ಸ್ಕಿಯನ್ನು ಬರಗೊಟ್ಟರು. ಅದಕ್ಕೆ ಮೆಕ್ಸಿಕೋದ ಕಮ್ಯುನಿಸ್ಟರೇ ಸಿಟ್ಟಾದರು. ಕಾರ್ದೆನಸ್ ನಡೆದದ್ದು 1917ರ ಸಂವಿಧಾನದ ದಾರಿಯಲ್ಲಿ, ಮಾಸ್ಕೋದ ದಾರಿಯಲ್ಲಲ್ಲ.

## ಇನ್ನೂ ಆಳಕ್ಕೆ

ಹೆಂಗಸರಿಗೆ ಮತದ ಹಕ್ಕು ಯಾಕೆ ಕೊಡಲಿಲ್ಲ?

ಕೊಡುತ್ತೇನೆ ಅಂದಿದ್ದರು. ತಿದ್ದುಪಡಿ ಎರಡೂ ಸದನಗಳಲ್ಲಿ ಪಾಸಾಯಿತು, ರಾಜ್ಯಗಳೂ ಒಪ್ಪಿದವು. ಜಾರಿಯ ಘೋಷಣೆ ಮಾತ್ರ ಹೊರಬೀಳಲಿಲ್ಲ. ಹೆಂಗಸರು ಪಾದ್ರಿಗಳ ಮಾತು ಕೇಳಿ ವಿರೋಧಿಗಳಿಗೆ ಮತ ಹಾಕುತ್ತಾರೆ ಅನ್ನುವ ಭಯ ಪಕ್ಷದಲ್ಲಿತ್ತು. ದೇಶದ ಚುನಾವಣೆಯಲ್ಲಿ ಮತದ ಹಕ್ಕು ಸಿಗಲು 1953ರವರೆಗೆ ಕಾಯಬೇಕಾಯಿತು. ಕೋಳಿ ಹಿಡಿದು ಬಂದ ಹೆಂಗಸರಿಗೆ ಇದು ಅನ್ಯಾಯವೇ.

ಮೂಹಿಕಾ ಬಿಟ್ಟು ಆವಿಲಾ ಕಮಾಚೊ ಅವರನ್ನ ಯಾಕೆ ಮುಂದಿನ ಅಧ್ಯಕ್ಷ ಮಾಡಿದ್ರು?

ಇದು ಅವರ ಅಭಿಮಾನಿಗಳು ಇಂದಿಗೂ ಜಗಳವಾಡುವ ವಿಷಯ. 1939ರ ಹೊತ್ತಿಗೆ ಬೆಲೆಗಳು ಏರಿದ್ದವು, ವ್ಯಾಪಾರಸ್ಥರು, ಮಧ್ಯಮ ವರ್ಗ ಸಿಟ್ಟಾಗಿತ್ತು. ಸಾನ್ ಲುಯಿಸ್ ಪೊತೊಸಿಯಲ್ಲಿ ಜನರಲ್ ಸೆದಿಯೊ 1938ರಲ್ಲಿ ದಂಗೆ ಎದ್ದು ಸೋತಿದ್ದ. ಸ್ಪೇನಿನ ಕಥೆ ಎಲ್ಲರ ಮುಂದಿತ್ತು. ಮೂಹಿಕಾ ನಿಂತರೆ ಅಂತರ್ಯುದ್ಧ ಆದೀತು ಅನ್ನುವ ಅಳುಕು ಕಾರ್ದೆನಸ್‌ಗೆ ಇತ್ತು. ಮೂಹಿಕಾ ಹಿಂದೆ ಸರಿದರು. ಮೆತ್ತಗಿನ ಸ್ವಭಾವದ ಆವಿಲಾ ಕಮಾಚೊ 1940ರಲ್ಲಿ ಗೆದ್ದರು. ಆ ಚುನಾವಣೆ ಶುದ್ಧವಾಗಿರಲಿಲ್ಲ. ಮತದಾನದ ದಿನ ರಾಜಧಾನಿಯ ಬೀದಿಗಳಲ್ಲಿ ಗುಂಡು ಹಾರಿ ಜನ ಸತ್ತರು. ಸ್ಪೇನ್ ಆಗದಂತೆ ತಡೆದರು ಅನ್ನುವುದು ಒಂದು ವಾದ, ಕ್ರಾಂತಿ ಅಲ್ಲಿಗೇ ನಿಂತಿತು ಅನ್ನುವುದು ಇನ್ನೊಂದು. ನನಗೆ ಎರಡೂ ನಿಜ ಅನ್ನಿಸುತ್ತದೆ.

ಅಧಿಕಾರ ಬಿಟ್ಟ ಮೇಲೆ ಸುಮ್ಮನಿದ್ರಾ?

ಕಾಯೆಸ್ ಥರ ಹಿಂದೆ ನಿಂತು ಆಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ರಕ್ಷಣಾ ಮಂತ್ರಿ. 1947ರಿಂದ ತೆಪಲ್ಕಾತೆಪೆಕ್, ಆಮೇಲೆ ಬಾಲ್ಸಾಸ್ ನದಿ ಯೋಜನೆಗಳ ಮುಖ್ಯಸ್ಥ. ಅಂದರೆ ಮತ್ತೆ ಮಿಚೊಅಕಾನ್‌ನ ತಗ್ಗು ನಾಡಿಗೆ ನೀರು, ರಸ್ತೆ, ವಿದ್ಯುತ್ ತರುವ ಕೆಲಸ. 1956ರಲ್ಲಿ ಮೆಕ್ಸಿಕೋ ಜೈಲಿನಲ್ಲಿದ್ದ ಫಿದೆಲ್ ಕಾಸ್ಟ್ರೊ ಬಿಡುಗಡೆಗೆ ಮಾತಾಡಿದರು. 1961ರಲ್ಲಿ ಕ್ಯೂಬಾ ಮೇಲೆ ದಾಳಿಯಾದಾಗ 65ರ ವಯಸ್ಸಿನಲ್ಲಿ ತಾವೇ ಅಲ್ಲಿಗೆ ಹಾರಲು ಹೊರಟರು, ಸರ್ಕಾರ ವಿಮಾನ ಬಿಡಲಿಲ್ಲ.

ಅವರಿಗೆ ಸಂಬಂಧಪಟ್ಟ ಜಾಗಗಳನ್ನ ನೋಡಬೇಕು ಅಂದ್ರೆ?

ಹಿಕಿಲ್ಪಾನ್‌ನಲ್ಲಿ ಹೆಸರಾಂತ ಗೋಡೆ ಚಿತ್ರಗಾರ ಒರೊಸ್ಕೊ ಚಿತ್ರ ಬರೆದ ಗ್ರಂಥಾಲಯ ಇದೆ. ಪಾಟ್ಸ್‌ಕ್ವಾರೊದಲ್ಲಿ ಅವರ ಎರೆಂದಿರಾ ಮನೆ, ಅದನ್ನು ಅವರು ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಬಿಟ್ಟುಕೊಟ್ಟರು. ಅಲ್ಲಿನ ಕೆರೆಯ ಹನಿತ್ಸಿಯೊ ದ್ವೀಪದ ಮೇಲಿರುವ, ಸ್ವಾತಂತ್ರ್ಯ ಹೋರಾಟದ ನಾಯಕ ಮೊರೆಲೊಸ್ ಪ್ರತಿಮೆ ಅವರ ಕನಸಿನ ಕೂಸು. ಲಾಸ್ ಪಿನೋಸ್ 2018ರ ಡಿಸೆಂಬರ್‌ನಿಂದ ಜನರಿಗೆ ತೆರೆದಿದೆ. ಪಾರ್ಥಿವ ಶರೀರ ಇರುವುದು ರಾಜಧಾನಿಯ ಕ್ರಾಂತಿ ಸ್ಮಾರಕದಲ್ಲಿ.

ಮಗ, ಮೊಮ್ಮಗ ಇಬ್ಬರೂ ಗವರ್ನರ್ ಆದ್ರಲ್ಲ, ಇದು ಮನೆತನದ ರಾಜಕಾರಣ ಅಲ್ವಾ?

ಹೆಸರಿನ ಬಲ ಇದ್ದೇ ಇತ್ತು. ತಮ್ಮ ದಾಮಸೊ 1950ರಿಂದ 56ರವರೆಗೆ, ಮಗ ಕ್ವಾವ್ತೆಮೊಕ್ 1980ರಿಂದ 86ರವರೆಗೆ, ಮೊಮ್ಮಗ ಲಾಸರೊ ಕಾರ್ದೆನಸ್ ಬಾತೆಲ್ 2002ರಿಂದ 2008ರವರೆಗೆ ಅದೇ ಮಿಚೊಅಕಾನ್‌ನ ಗವರ್ನರ್. ಒಂದೇ ರಾಜ್ಯ ಒಂದೇ ಮನೆಯ ಕೈಗೆ ಇಷ್ಟು ಸಲ ಹೋದದ್ದು ಒಳ್ಳೆಯದಲ್ಲ. ಆದರೆ ಕ್ವಾವ್ತೆಮೊಕ್ ಅವರನ್ನು ಬರೀ ವಾರಸುದಾರ ಅನ್ನಲಾಗದು. ತಂದೆ ಕಟ್ಟಿದ ಪಕ್ಷವನ್ನೇ ಬಿಟ್ಟು 1988ರಲ್ಲಿ ಅದರ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಎಣಿಕೆಯ ರಾತ್ರಿ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು ಅಂದರು, ಕೊನೆಗೆ ಅವರು ಸೋತರು ಅಂತ ಘೋಷಿಸಿದರು. ಮೋಸ ನಡೆಯಿತು ಅಂತ ಲಕ್ಷಾಂತರ ಜನ ಇಂದಿಗೂ ನಂಬುತ್ತಾರೆ.

ಎಪ್ಪತ್ತು ವರ್ಷ ಒಂದೇ ಪಕ್ಷ ಆಳಿದ್ದಕ್ಕೆ ಕಾರ್ದೆನಸ್ ಅವರೇ ಕಾರಣ ಅಂತಾರೆ. ಒಪ್ತೀರಾ?

ದೊಡ್ಡ ಪಾಲು ಒಪ್ಪುತ್ತೇನೆ. ಪಕ್ಷ ಹುಟ್ಟಿಸಿದ್ದು ಕಾಯೆಸ್, 1929ರಲ್ಲಿ. ಅದಕ್ಕೆ ಜನರ ಬೇರು ಕೊಟ್ಟಿದ್ದು ಕಾರ್ದೆನಸ್. 1938ರ ಮಾರ್ಚ್ ಕೊನೆಯಲ್ಲಿ, ತೈಲ ಘೋಷಣೆಯ ಬೆನ್ನಲ್ಲೇ, ಪಕ್ಷವನ್ನು ಕಾರ್ಮಿಕರು, ರೈತರು, ನೌಕರ ವರ್ಗ, ಸೈನ್ಯ ಅಂತ ನಾಲ್ಕು ವಿಭಾಗ ಮಾಡಿ ಹೊಸದಾಗಿ ಕಟ್ಟಿದರು. ಇದು ಮಿಚೊಅಕಾನ್ ಒಕ್ಕೂಟದ್ದೇ ದೊಡ್ಡ ರೂಪ. ಸಂಘಕ್ಕೆ ಬಲ ಸರ್ಕಾರದಿಂದ, ಸರ್ಕಾರಕ್ಕೆ ಬಲ ಸಂಘದಿಂದ.

ಮೇಲೆ ಕೂತವರು ಕಾರ್ದೆನಸ್ ಆಗಿದ್ದಾಗ ರೈತನಿಗೆ ಭೂಮಿ ಬಂತು, ಕೂಲಿಗೆ ಸಂಬಳ ಏರಿತು. ಆಮೇಲೆ ಬೇರೆಯವರು ಬಂದಾಗ ಅದೇ ಸಂಘಗಳು ಜನರನ್ನು ಹಿಡಿದಿಡುವ ಹಗ್ಗವಾದವು. ಮತ ಹಾಕದಿದ್ದರೆ ಸಾಲವಿಲ್ಲ, ಬೀಜವಿಲ್ಲ, ಕೆಲಸವಿಲ್ಲ. 1946ರಲ್ಲಿ ಪಕ್ಷಕ್ಕೆ ಪಿಆರ್‌ಐ (ಸಾಂಸ್ಥಿಕ ಕ್ರಾಂತಿಕಾರಿ ಪಕ್ಷ) ಅಂತ ಹೊಸ ಹೆಸರು ಬಂತು, 2000ದ ಚುನಾವಣೆಯವರೆಗೆ ಅಧ್ಯಕ್ಷ ಪದವಿ ಅದರ ಕೈ ಬಿಡಲಿಲ್ಲ. ರೈತ ಮತ್ತು ಕಾರ್ಮಿಕರ ಸಂಘಗಳನ್ನು ಒಂದಾಗಲು ಬಿಡದೆ ಬೇರೆ ಬೇರೆ ಇಟ್ಟಿದ್ದು ಕೂಡ ಕಾರ್ದೆನಸ್ ಅವರ ನಿರ್ಧಾರವೇ. ಹಳ್ಳಿಯ ಒಕ್ಕೂಟ ಗವರ್ನರ್ ಬದಲಾದ ಕೂಡಲೇ ಮುರಿದುಬಿದ್ದದ್ದನ್ನು ನೋಡಿದ್ದವರು, ಈ ಸಲ ಮುರಿಯಲಾರದಂಥದ್ದನ್ನು ಕಟ್ಟಿದರು. ಅದು ಯಾರ ಕೈಗೆ ಸಿಕ್ಕರೂ ಮುರಿಯದು ಅನ್ನುವುದನ್ನು ಅವರು ಬದುಕಿದ್ದಾಗಲೇ ನೋಡಬೇಕಾಯಿತು. 1959ರಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರವನ್ನು ಸರ್ಕಾರ ಸೈನ್ಯ ಬಿಟ್ಟು ಮುರಿದು, ಮುಖಂಡರನ್ನು ಜೈಲಿಗೆ ಹಾಕಿತು. ಆ ಕೈದಿಗಳ ಬಿಡುಗಡೆಗೆ ಒತ್ತಾಯಿಸಿದವರಲ್ಲಿ ಮಾಜಿ ಅಧ್ಯಕ್ಷ ಕಾರ್ದೆನಸ್ ಕೂಡ ಒಬ್ಬರು.